ಹಕ್ಕಿ ಕೂಗಿದರೆ ಓಡುತ್ತಿದ್ದ ಕಾಜಾ ಅಕ್ಕ

ಅವಳ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ಹಾಲಿನವಳ ಬಾಯಿಂದ. ನಾನು ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹಾಲಿನವಳು ಅಳೆಯುವುದನ್ನು ಅರ್ಧಕ್ಕೇ ನಿಲ್ಲಿಸಿ ಪಕ್ಕದ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

"ಈ ಮನೆಗೆ ಬಂದವರನ್ನ ನೋಡಿದ್ರಾ ಅಮ್ಮಾ?"

"ಇನ್ನೂ ಇಲ್ಲ. ಯಾಕೆ?"

"ಹೊಲಿಗೆಯವಳಂತೆ. ಅಂಗಡಿಗಳಿಗೆ ಕಾಜಾ ಹಾಕಿ, ಗುಂಡಿ ಹೊಲಿದು ಕೊಡ್ತಾಳಂತೆ. ಕೆಲಸ ಅಚ್ಚುಕಟ್ಟು. ಆದ್ರೆ ತಲೆ ಒಂಚೂರು..." ಎಂದು ಬೆರಳನ್ನು ಕಿವಿಯ ಹತ್ತಿರ ತಿರುಗಿಸಿದಳು. "ಹಿತ್ತಲಲ್ಲಿ ಹಕ್ಕಿ ಕೂಗಿದ್ರೆ ಸಾಕು, ಸೂಜಿ ಬಟ್ಟೇಲೇ ಬಿಟ್ಟು ಓಡ್ತಾಳೆ. ನಿನ್ನೆ ನಾನು ಹಾಲು ಹಾಕ್ತಾ ಇದ್ದೆ. ಪಾತ್ರೆ ನನ್ನ ಕೈಗೇ ತುರುಕಿ ಓಡಿದ್ಲು ನೋಡಿ! ತಿರುಗಿ ಬಂದಾಗ ಮುಖದಲ್ಲಿ ರಕ್ತ ಇರಲಿಲ್ಲ."

"ಹಾವೇನಾದ್ರೂ ಬಂದಿತ್ತೇನೋ."

"ಎಂಥ ಹಾವು? ಬೆಕ್ಕಂತೆ!"

ಬೆಕ್ಕಿಗೆ ಹೆದರೋಕೆ ಅವಳೇನು ಇಲಿಯಾ ಎಂದು ನಾನು ನಕ್ಕೆ. ಹಾಲಿನವಳೂ ನಕ್ಕಳು. ಅದಾದ ಮೇಲೆ ನಾಲ್ಕು ವರ್ಷ ನಾನೂ ಹಾಗೆಯೇ ಓಡಿದೆ.

ಹುಕ್ಕು ಕಿತ್ತುಹೋದ ಎರಡು ರವಿಕೆಗಳನ್ನು ನೆಪ ಮಾಡಿಕೊಂಡು ಮಾರನೆಯ ದಿನವೇ ಹೋದೆ. ಆ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಒಂದು ಕೋಣೆ, ನಡುವೆ ಒಂದು, ಆಮೇಲೆ ಅಡುಗೆಮನೆ, ಅದರಾಚೆ ಹಿತ್ತಲು. ಬೆಳಕು ಬರುತ್ತಿದ್ದದ್ದು ಮುಂದಿನ ಕೋಣೆಗೆ ಮಾತ್ರ. ಕಾಜಾ ಹಾಕುವುದೆಂದರೆ ಗುಂಡಿ ತೂರುವ ಸೀಳಿನ ಅಂಚಿಗೆ ಒತ್ತೊತ್ತಾಗಿ ದಾರ ಸುತ್ತುವ ಕೆಲಸ. ಕಣ್ಣಿಗೆ ಬೆಳಕಿಲ್ಲದಿದ್ದರೆ ಆಗದು. ಅವಳು ಕಿಟಕಿಯ ಕೆಳಗೆ ಚಾಪೆ ಹಾಕಿ ಕೂತಿದ್ದಳು. ಪಕ್ಕದಲ್ಲಿ ಕಾಲಿನಿಂದ ತುಳಿಯುವ ಹಳೆಯ ಮೆಷಿನ್ನು. ಅದಕ್ಕೆ ಹಿಂದೆ ಮೋಟಾರು ಇತ್ತೆಂದು ಹೇಳುವ ನಾಲ್ಕು ತೂತು ಮಾತ್ರ ಉಳಿದಿತ್ತು.

"ಮೋಟಾರ್ ಸುಟ್ಟುಹೋಯ್ತಾ ಅಕ್ಕ?" ಎಂದೆ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳ ಹಾಗೆ ಕಂಡಳು.

"ನಾನೇ ಬಿಚ್ಚಿಸಿದೆ. ಅದು ಗುಂಯ್ ಅಂದ್ರೆ ಏನೂ ಕೇಳ್ಸಲ್ಲ."

ಏನು ಕೇಳಬೇಕು ಎಂದು ಕೇಳುವಷ್ಟರಲ್ಲಿ ಹಿತ್ತಲಿನಿಂದ ಪಿಟ್ ಪಿಟ್ ಪಿಟ್ ಎಂದು ಒಂದು ಸದ್ದು ಬಂತು. ಅವಳ ಸೂಜಿ ನಿಂತಿತು. ಉಸಿರೂ ನಿಂತಂತೆ ಕೂತಳು.

"ಬೆಕ್ಕು," ಎಂದು ಹೇಳಿ ಮತ್ತೆ ದಾರ ಎಳೆದಳು. ಎರಡು ಹೊಲಿಗೆ ಹಾಕಿದ್ದಳೋ ಇಲ್ಲವೋ, ಮತ್ತೊಂದು ಹಕ್ಕಿ ಗಂಟಲು ಕೆರೆದಂತೆ ಚರ್ರ್, ಚರ್ರ್ ಎಂದಿತು. "ಇವರು!" ಎಂದವಳೇ ಎದ್ದು ಓಡಿದಳು. ಏನೆಂದು ತಿಳಿಯದೆ ನಾನೂ ಹಿಂದೆಯೇ ಓಡಿದೆ.

ಹಿತ್ತಲ ಗೇಟಿನ ಚಿಲಕದ ಮೇಲೆ ಕೈಯಿಟ್ಟು ಎತ್ತರದ ಮುದುಕರೊಬ್ಬರು ನಿಂತಿದ್ದರು. ಖಾಕಿ ಅಂಗಿ, ಕುತ್ತಿಗೆಯವರೆಗೂ ಗುಂಡಿ.

"ಎಲ್ಲಿಗ್ರೀ ಹೊರಟ್ರಿ?"

"ಮೇಲಿನ ಬೀದಿಗೆ ನೀರು ಬಿಡೋ ಹೊತ್ತಾಯ್ತು. ಹೆಂಗಸರು ಬಿಂದಿಗೆ ಇಟ್ಕೊಂಡು ಕಾಯ್ತಾ ಇರ್ತಾರೆ."

"ಇವತ್ತು ನಿಮಗೆ ರಜಾ."

"ಯಾರು ಕೊಟ್ರು ರಜಾ?"

"ಸಾಹೇಬ್ರು ಹೇಳಿ ಕಳ್ಸಿದ್ದಾರೆ. ನೋಡಿ, ಇವರೇ ಬಂದಿದ್ದಾರೆ ಹೇಳೋಕೆ," ಎಂದು ನನ್ನನ್ನು ಮುಂದೆ ತಳ್ಳಿದಳು. ಜೀವಮಾನದಲ್ಲಿ ಯಾವ ಸಾಹೇಬರನ್ನೂ ಕಾಣದ ನಾನು "ಹೌದು, ಹೌದು, ರಜಾ" ಎಂದು ತಲೆ ಆಡಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರೆದು ಕೊಟ್ಟಿದ್ದಾರಾ?" ಎಂದರು.

ಅವರು ನೀರಿನ ಆಫೀಸಿನಲ್ಲಿ ಮೂವತ್ತೆರಡು ವರ್ಷ ವಾಲ್ವು ತಿರುಗಿಸಿದವರು. ಬೀದಿಯಲ್ಲೆಲ್ಲ ಅವರಿಗೆ ನೀರಣ್ಣ ಎಂದೇ ಹೆಸರು. ಕೆಲಸ ಮುಗಿದ ಎರಡನೆಯ ವರ್ಷವೇ ಮರೆವು ಶುರುವಾಯಿತಂತೆ. ಮೊದಲು ಮನುಷ್ಯರ ಮುಖ ಮರೆತರು, ಆಮೇಲೆ ಊಟ ಮಾಡಿದ್ದನ್ನು ಮರೆತರು. ನೀರು ಬಿಡುವ ಹೊತ್ತನ್ನು ಮಾತ್ರ ಮರೆಯಲಿಲ್ಲ. ಹಿತ್ತಲ ಗೇಟು ದಾಟಿದರೆ ಓಣಿ, ಓಣಿಯ ಒಂದು ತುದಿಗೆ ಲಾರಿಗಳು ಹೋಗುವ ದೊಡ್ಡ ರಸ್ತೆ, ಇನ್ನೊಂದು ತುದಿಗೆ ನೀರಿನ ಟ್ಯಾಂಕು. ಹಳೆಯ ಬಾಡಿಗೆ ಮನೆಯಲ್ಲಿದ್ದಾಗ ಅವರು ಹೀಗೆ ಎರಡು ಸಲ ಹೋಗಿ, ಒಂದು ಸಲ ಲಾರಿಯ ಮುಂದೆ ಬಿದ್ದಿದ್ದರಂತೆ. ಅದನ್ನು ಹೇಳುತ್ತಾ ಕಾಜಾ ಅಕ್ಕ ಗೇಟಿನ ಚಿಲಕವನ್ನು ಮತ್ತೊಮ್ಮೆ ಎಳೆದು ನೋಡಿದಳು.

"ಹಿಂದಿನ ಬಾಗಿಲಿಗೆ ಬೀಗ ಹಾಕಬಾರದಾ ಅಕ್ಕ?"

"ಹಾಕಿದ್ದೆ. ತಲೆ ಚಚ್ಚಿಕೊಂಡ್ರು. ಅವರ ಹುಬ್ಬಿನ ಮೇಲಿರೋ ಕಲೆ ಅದೇ. ಕಕ್ಕಸು ಬೇರೆ ಹಿತ್ತಲಲ್ಲಿದೆ."

"ಗೇಟಿಗೆ ಗಂಟೆ?"

"ಕಟ್ಟಿದ್ದೆ. ಅರ್ಧ ಗಂಟೇಲಿ ಬಿಚ್ಚಿ ತಂದು ನನ್ನ ಕೈಗೇ ಕೊಟ್ಟು, 'ಇದು ಸಡಿಲ ಆಗಿತ್ತು' ಅಂದ್ರು. ಅವರ ಕೈಗೆ ಬಿಚ್ಚೋಕೆ ಬಾರದ್ದು ಯಾವುದಿದೆ?"

"ಹಾಗಾದ್ರೆ ಅವರ ಕೈಗೇ ಒಂದು ಗೆಜ್ಜೆ..."

ಅವಳು ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. "ಅವರು ನನ್ನ ಗಂಡ ಕಣೇ. ಮೇಯೋಕೆ ಬಿಟ್ಟ ಕರು ಅಲ್ಲ."

ದಿನವಿಡೀ ಪಕ್ಕದಲ್ಲಿ ಕೂತು ಕಾಯೋಣವೆಂದರೆ ಅವಳ ದುಡಿಮೆಯಿಂದಲೇ ಒಲೆ ಹತ್ತಬೇಕು. ಹಿತ್ತಲಲ್ಲೇ ಹೊಲಿಯೋಣವೆಂದರೆ ಮಣ್ಣು, ಹಕ್ಕಿಯ ಹಿಕ್ಕೆ ತಾಗಿದ ಬಟ್ಟೆಯನ್ನು ಅಂಗಡಿಯವನು ಮುಟ್ಟುವುದಿಲ್ಲ. ಹಾಗಾಗಿ ಅವಳು ಕಾವಲನ್ನು ಹಿತ್ತಲಿನ ಹಕ್ಕಿಗಳಿಗೆ ವಹಿಸಿದ್ದಳು.

ನಮ್ಮವರು ಹೋಗಿ ಆಗ ಎರಡು ವರ್ಷ. ಮನೆಯ ಜವಾಬ್ದಾರಿಯೆಲ್ಲ ಮಗಳು ನೋಡಿಕೊಳ್ಳುತ್ತಿದ್ದಳು. ನನಗೆ ಹೊತ್ತು ಹೋಗುತ್ತಿರಲಿಲ್ಲ. ದಿನಾ ಮಧ್ಯಾಹ್ನ ಕಾಜಾ ಅಕ್ಕನ ಚಾಪೆಯ ತುದಿಯಲ್ಲಿ ಕೂತು ಗುಂಡಿ ಹೊಲಿಯುತ್ತಾ ನಾನೂ ಕಲಿತೆ. ಎಲೆ ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿ ಟುವಿ ಟುವಿ ಟುವಿ ಎಂದು ಬೀದಿಯೆಲ್ಲ ಕೇಳುವಂತೆ ಕೂಗಿದರೆ ಅದು ಸುಮ್ಮನೆ ಜಂಬ. ಅದೇ ಸಣ್ಣ ದನಿಯಲ್ಲಿ ಪಿಟ್ ಪಿಟ್ ಎಂದರೆ ಬೆಕ್ಕು, ಇಲ್ಲವೆ ಮುಂಗುಸಿ. ಜುಟ್ಟಿನ ಪಿಕಳಾರ ಒದರಿದರೆ ನೆಲದಲ್ಲಿ ಏನೋ ಹರಿಯುತ್ತಿದೆ. ಕಪ್ಪು ಬಿಳುಪಿನ ಮಡಿವಾಳ ಹಕ್ಕಿ ಬೆಳಿಗ್ಗೆ ಎಷ್ಟು ಇಂಪಾಗಿ ಸಿಳ್ಳೆ ಹಾಕುತ್ತದೋ, ಮನುಷ್ಯ ಗಿಡದ ಹತ್ತಿರ ಬಂದರೆ ಅಷ್ಟೇ ಕೆಟ್ಟದಾಗಿ ಚರ್ರ್ ಎನ್ನುತ್ತದೆ. ನಮಗೆ ಬೇಕಾದದ್ದು ಅದೇ. ಗಿಡುಗ ಬಂದರೆ ಮಾತ್ರ ಯಾವುದೋ ಒಂದು ಹಕ್ಕಿ ಸೀಯ್ ಎಂದು ಎಳೆ ದನಿ ಎಳೆದು, ಆಮೇಲೆ ಹಿತ್ತಲಿಗೆ ಹಿತ್ತಲೇ ಸತ್ತಂತೆ ಸುಮ್ಮನಾಗುತ್ತಿತ್ತು. ಆ ಮೌನ ನಮಗೆ ಎಲ್ಲಕ್ಕಿಂತ ಭಯ. ಆಗ ಅವರು ಎದ್ದು ಹೋದರೂ ಹೇಳುವವರಿಲ್ಲ. ಇಬ್ಬರೂ ಹೋಗಿ ಹಿಂಬಾಗಿಲಲ್ಲಿ ನಿಂತು, ಹಕ್ಕಿಗಳು ಮತ್ತೆ ಬಾಯಿ ತೆರೆಯುವವರೆಗೆ ಕಾಯುತ್ತಿದ್ದೆವು.

ಭಯದ ನಡುವೆಯೂ ನಗುತ್ತಿದ್ದೆವು. ಕಲ್ಲಿನ ಮೇಲೆ ಒಣಗಲಿಟ್ಟ ಸ್ಟೀಲ್ ತಟ್ಟೆಯಲ್ಲಿ ಹೂವಿನ ಜೇನು ಹೀರುವ ಸೂರಕ್ಕಿಯೊಂದು ತನ್ನ ಮುಖವನ್ನೇ ನೋಡಿ, ಬೆಳಗ್ಗೆಯಿಂದ ಊಟದ ಹೊತ್ತಿನವರೆಗೂ ಅದಕ್ಕೆ ಕೊಕ್ಕಿನಿಂದ ಹೊಡೆಯುತ್ತಿತ್ತು. "ನನ್ನ ನಾದಿನಿಯೇ ಸರಿ. ಎದುರಿಗೆ ಇರೋದು ತಾನೇ ಅಂತ ಗೊತ್ತಾಗಲ್ಲ" ಎನ್ನುತ್ತಿದ್ದಳು ಅಕ್ಕ. ಟುವ್ವಿ ಹಕ್ಕಿ ಅವಳು ಗುಡಿಸಿ ಹಾಕಿದ ದಾರದ ತುಣುಕುಗಳನ್ನು ಕದ್ದು ಸೀಬೆಗಿಡದ ಎಲೆ ಹೊಲಿದಿತ್ತು. ಅದರಲ್ಲಿ ಯಾವುದೋ ಸಮವಸ್ತ್ರದ ನೀಲಿ ದಾರವೂ ಇತ್ತು. ಅವಳು ಬಗ್ಗಿ ನೋಡಿ, "ಹೊಲಿಗೆ ಉದ್ದ ಆಯ್ತು. ನನ್ನ ಅಂಗಡಿಯವನಾಗಿದ್ರೆ ವಾಪಸ್ ಕಳ್ಸಿರೋನು" ಎಂದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿರುವಾಗಲೂ ಅವಳ ಒಂದು ಕಿವಿ ಗೇಟಿನ ಕಡೆಗೇ ಇರುತ್ತಿತ್ತು. ಬರಬರುತ್ತಾ ನನಗೂ ಹಾಗೇ ಆಯಿತು. ನಮ್ಮ ಮನೆಯಲ್ಲಿ ಪಾತ್ರೆ ಉಜ್ಜುವಾಗ ಚರ್ರ್ ಎಂದು ಕೇಳಿದರೆ ಉಜ್ಜುವುದನ್ನು ಬಿಟ್ಟು ಗೋಡೆಯ ಕಡೆ ಓಡುತ್ತಿದ್ದೆ. ಮಗಳು, "ಅಮ್ಮಾ, ಅವರ ಗಂಡನಿಗೆ ನೀನ್ಯಾಕೆ ಇಷ್ಟು ಹೆದರಿ ಸಾಯ್ತೀಯ?" ಎಂದು ರೇಗುತ್ತಿದ್ದಳು.

ನೀರಣ್ಣ ಒಂದು ಅಗಲವಾದ ಮಣ್ಣಿನ ತಟ್ಟೆಗೆ ನೀರು ತುಂಬಿ ಸೀಬೆಗಿಡದ ಬುಡದಲ್ಲಿ ಇಡಲು ಶುರು ಮಾಡಿದ್ದು ಮೂರನೆಯ ವರ್ಷದಲ್ಲಿ. ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಸರಿಯಾಗಿ ಹೊತ್ತಿಗೆ. ಪಕ್ಕದಲ್ಲೇ ಸ್ಟೂಲು ಹಾಕಿ ಕೂತು, "ನಿಮ್ಮ ಕಡೆಗೆ ಪ್ರೆಷರ್ ಸರಿಯಾಗಿ ಬರ್ತಾ ಇದೆಯಾ?" ಎಂದು ಹಕ್ಕಿಗಳನ್ನು ಕೇಳುತ್ತಿದ್ದರು. ಮೊದಲು ದೂರದ ಕೊಂಬೆಯಲ್ಲಿ ಕೂತು ಬೈಯುತ್ತಿದ್ದವು. ತಿಂಗಳು ಕಳೆಯುವಷ್ಟರಲ್ಲಿ ಗುಬ್ಬಿಗಳು ಅವರ ಕಾಲಬಳಿ ಮಣ್ಣಿನಲ್ಲಿ ಹೊರಳಾಡುತ್ತಿದ್ದವು. ಒಂದು ದಿನ ತಟ್ಟೆಯ ಅಂಚಿನ ಮೇಲೆ ಅವರ ಬೆರಳಿದ್ದಾಗಲೇ ಪಿಕಳಾರವೊಂದು ಬಂದು ಬೆರಳ ಪಕ್ಕದಲ್ಲೇ ನೀರು ಕುಡಿಯಿತು. ನೀರಣ್ಣ ಅಲ್ಲಾಡಲಿಲ್ಲ. ಕಾಜಾ ಅಕ್ಕ ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. "ಮೂರು ವರ್ಷದಿಂದ ಇವರ ಮುಖ ಹೀಗೆ ಅರಳಿದ್ದು ನೋಡಿರಲಿಲ್ಲ ಕಣೇ" ಎಂದಳು. ಆವತ್ತಿನಿಂದ ಅವರು ಗೇಟಿನ ಹತ್ತಿರ ಹೋಗುವುದೂ ಕಡಿಮೆಯಾಯಿತು. ನಾವು ನಿರಾಳವಾಗಿ ಉಸಿರು ಬಿಟ್ಟೆವು. ಹಕ್ಕಿಗಳ ಜೊತೆಗೇ ಬದುಕಿದ್ದ ನಮಗಿಬ್ಬರಿಗೂ ಒಂದು ವಿಷಯ ಹೊಳೆಯಲೇ ಇಲ್ಲ.

ಅದು ಒಂದು ಮಧ್ಯಾಹ್ನ. ಅಕ್ಕ ಮುಗಿದ ಅಂಗಿಗಳ ಗಂಟನ್ನು ಅಂಗಡಿಗೆ ಕೊಟ್ಟುಬರಲು ಹೊರಟಳು. "ಒಂದು ಗಂಟೆ. ಕಿವಿ ಇಟ್ಟಿರು" ಎಂದು ನನಗೆ ಹೇಳಿ ಹೋದಳು. ನೀರಣ್ಣ ಸ್ಟೂಲಿನ ಮೇಲೆ ಕೂತಿದ್ದನ್ನು ನೋಡಿಯೇ ನಾನು ಮುಂದಿನ ಕೋಣೆಗೆ ಬಂದು ಗುಂಡಿ ಹಿಡಿದದ್ದು. ಕಿವಿ ಇಟ್ಟೇ ಇದ್ದೆ. ದೇವರಾಣೆ ನಿದ್ದೆ ಮಾಡಲಿಲ್ಲ. ಟುವ್ವಿ ಹಕ್ಕಿ ಜಂಬದಿಂದ ಕೂಗುತ್ತಿತ್ತು. ಗುಬ್ಬಿಗಳು ಜಗಳವಾಡುತ್ತಿದ್ದವು. ಮಡಿವಾಳ ಹಕ್ಕಿ ಅಪರೂಪಕ್ಕೆ ಮಧ್ಯಾಹ್ನದಲ್ಲೂ ಸಿಳ್ಳೆ ಹಾಕಿತು. ಇವತ್ತು ಹಿತ್ತಲು ಎಷ್ಟು ಸುಖವಾಗಿದೆ ಎಂದುಕೊಂಡೆ. ಒಂದು ಚರ್ರ್ ಇಲ್ಲ, ಒಂದು ಪಿಟ್ ಇಲ್ಲ.

ಅಕ್ಕ ಬಂದಳು. ಚಪ್ಪಲಿ ಬಿಡುತ್ತಲೇ, "ಇವರು?" ಎಂದಳು.

"ಇದ್ದಾರೆ. ಹಕ್ಕಿಗಳೇ ಹೇಳ್ತಿವೆಯಲ್ಲ."

ಅವಳು ಒಳಗೆ ಹೋದಳು. ತಿರುಗಿ ಬರಲಿಲ್ಲ. ನಾನು ಹೋಗಿ ನೋಡಿದೆ. ಸ್ಟೂಲು ಖಾಲಿ. ಗೇಟು ಹಾರುಹೊಡೆದಿತ್ತು. ತಟ್ಟೆಯ ತುಂಬ ನೀರಿತ್ತು, ಎರಡು ಪಿಕಳಾರ ಅದರಲ್ಲಿ ರೆಕ್ಕೆ ಬಡಿದು ಸ್ನಾನ ಮಾಡುತ್ತಿದ್ದವು. ಅಕ್ಕ ಆ ಹಕ್ಕಿಗಳನ್ನೇ ನೋಡುತ್ತಾ ನಿಂತಿದ್ದಳು.

"ಇವರನ್ನ ಕಂಡ್ರೆ ಇವಕ್ಕೆ ಭಯವೇ ಇಲ್ಲ," ಎಂದಳು. "ಭಯ ಇಲ್ಲದ ಮೇಲೆ ಯಾಕೆ ಕೂಗ್ತವೆ?"

ನಾನು ಅಡುಗೆಮನೆಯ ಗೂಡಿಗೆ ಕೈ ಹಾಕಿ ನೋಡಿದೆ. ಮೆಷಿನ್ನಿನ ನಟ್ಟು ಬಿಗಿಯಲು ಅಕ್ಕ ಅಲ್ಲಿಟ್ಟಿದ್ದ ಸ್ಪ್ಯಾನರೂ ಇರಲಿಲ್ಲ.

ಓಣಿಗೆ ಓಡಿದೆವು. ಯಾವ ತುದಿಗೆ ಹೋಗುವುದು? ದೊಡ್ಡ ರಸ್ತೆಯಲ್ಲಿ ಲಾರಿಯೊಂದು ಬ್ರೇಕು ಒತ್ತಿದ ಸದ್ದು ಕೇಳಿ ನಾನು "ಅಯ್ಯೋ" ಎಂದು ಕಿರುಚಿಕೊಂಡೆ. ಅಕ್ಕಪಕ್ಕದವರು ಹೊರಬಂದರು. ಒಬ್ಬರು ಎಡಕ್ಕೆ ಹೋದರು ಎಂದರು, ಇನ್ನೊಬ್ಬರು ಬಲಕ್ಕೆ ಎಂದರು. ಹಾಲಿನವಳು ಕ್ಯಾನು ಕೆಳಗಿಟ್ಟು ಎಲ್ಲರಿಗಿಂತ ಜೋರಾಗಿ "ನೀರಣ್ಣಾ! ನೀರಣ್ಣಾ!" ಎಂದು ಕೂಗತೊಡಗಿದಳು.

"ಎಲ್ರೂ ಬಾಯಿ ಮುಚ್ಚಿ!" ಎಂದು ಕಾಜಾ ಅಕ್ಕ ಅಬ್ಬರಿಸಿದಳು. ಆ ದನಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಓಣಿಯ ನಡುವೆ ಕಣ್ಣು ಮುಚ್ಚಿ ನಿಂತಳು. ನಾನೂ ಕಣ್ಣು ಮುಚ್ಚಿದೆ. ನನ್ನ ಎದೆಯ ಹೊಡೆತ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು. ಟ್ಯಾಂಕಿನ ಕಡೆಯಿಂದ, ದೂರದಲ್ಲಿ, ಚರ್ರ್ ಚರ್ರ್. ಜೊತೆಗೆ ಪಿಕಳಾರಗಳ ಗಲಾಟೆ.

"ಅಲ್ಲಿಯ ಹಕ್ಕಿಗಳಿಗೆ ಇವರು ಪರಿಚಯ ಇಲ್ಲ," ಎಂದವಳೇ ಓಡಿದಳು.

ಟ್ಯಾಂಕಿನ ಹಿಂದೆ ಪೊದೆಗಳ ನಡುವೆ ಒಂದು ವಾಲ್ವಿನ ಗುಂಡಿ ಇತ್ತು. ಮೇಲಿನ ತಗಡು ಸರಿದಿತ್ತು. ಪೊದೆಯ ತುಂಬ ಹಕ್ಕಿಗಳು ಗುಂಡಿಯೊಳಗೆ ನೋಡಿ ಬೈಯುತ್ತಿದ್ದವು. ನೀರಣ್ಣ ಒಳಗಿದ್ದರು. ನಟ್ಟು ಸಡಿಲಿಸಿಬಿಟ್ಟಿದ್ದರು. ನೀರು ಚಿಮ್ಮಿ ಚಿಮ್ಮಿ ಗುಂಡಿ ತುಂಬುತ್ತಿತ್ತು. ಅದು ಎದೆಯವರೆಗೆ ಬಂದಿತ್ತು. ಅವರ ಒಂದು ಕೈ ಪೈಪಿನ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ತುಟಿ ನೀಲಿಯಾಗಿತ್ತು. ನಾನು ಗುಂಡಿಯ ಅಂಚಿನಲ್ಲಿ ನಿಂತು ಬಾಯಿ ಬಡಿದುಕೊಂಡೆ. ಹಾಲಿನವಳು ಮಂಡಿಯೂರಿ ಅವರ ಕಂಕುಳಿಗೆ ಕೈ ಹಾಕಿದಳು. ಅಕ್ಕ ಸೀರೆ ಸಮೇತ ಗುಂಡಿಗೆ ಇಳಿದು, ನೀರೊಳಗೆ ತಲೆ ಮುಳುಗಿಸಿ ಆ ಕೈ ಬಿಡಿಸಿದಳು. ಹೇಗೋ ಮೇಲೆಳೆದರು. ಅವರು ಕೆಮ್ಮಿ, ಹೆಂಡತಿಯ ಮುಖ ನೋಡಿ, "ಅಮ್ಮಾ, ನಿಮ್ಮ ಬೀದಿಗೆ ಇನ್ನೈದು ನಿಮಿಷದಲ್ಲಿ ಬರುತ್ತೆ" ಎಂದರು.

"ಬಂತು ಬಂತು," ಎಂದಳು ಅವಳು, ತಲೆಯಿಂದ ನೀರು ಇಳಿಯುತ್ತಿತ್ತು. "ಬೇಕಾದಷ್ಟು ಬಂತು."

ಎರಡು ದಿನ ಅವಳು ಸೂಜಿ ಮುಟ್ಟಲಿಲ್ಲ. ನಾನು ಅವಳ ಮುಖ ನೋಡಲು ಹೆದರಿ ಗೋಡೆಯ ಆಚೆಯೇ ಇದ್ದೆ. ಮೂರನೆಯ ದಿನ ಅವಳೇ ಕರೆದಳು. ಕತ್ತರಿಸಿ ಉಳಿದ ಬಟ್ಟೆಯ ಮೂಟೆ ಬಿಚ್ಚಿ ಕೂತಿದ್ದಳು. ಹಳದಿ, ಕೆಂಪು, ಗೀರುಗೀರಿನದು, ದೊಡ್ಡ ದೊಡ್ಡ ಹೂವಿನದು.

"ಹಕ್ಕಿಗಳಿಗೆ ಇವರ ಗುರ್ತು ಸಿಗಬಾರದು," ಎಂದಳು. "ಖಾಕಿ ಬಿಡಿಸ್ತೀನಿ. ವಾರಕ್ಕೆ ಎರಡು ಅಂಗಿ ಬದಲಾಯಿಸ್ತೀನಿ. ತಲೆಗೆ ಟೋಪಿ."

"ಜನ ನಗ್ತಾರೆ ಅಕ್ಕ."

"ನಗ್ಲಿ. ಹಕ್ಕಿ ಹೆದರಿದ್ರೆ ಸಾಕು."

ನಕ್ಕರು ಕೂಡ. ಹೂವಿನ ಅಂಗಿ, ಕೆಂಪು ಟೋಪಿ ಹಾಕಿಕೊಂಡ ನೀರಣ್ಣನನ್ನು ನೋಡಿ ಹಾಲಿನವಳು, "ಏನಣ್ಣಾ, ಮದುವೆಗಾ, ಸರ್ಕಸ್ಸಿಗಾ?" ಎಂದು ಕೇಳಿದಳು. ಹಕ್ಕಿಗಳಿಗೆ ನಗು ಬರಲಿಲ್ಲ. ಮೊದಲ ದಿನವೇ ಎಲ್ಲವೂ ಹುಚ್ಚೆದ್ದು ಒದರಿದವು. ಅವರು ಸ್ಟೂಲಿನಿಂದ ಎದ್ದರೆ ಚರ್ರ್. ಗೇಟಿನ ಕಡೆ ತಿರುಗಿದರೆ ಚರ್ರ್. ಐದಾರು ದಿನಕ್ಕೆ ಅವುಗಳಿಗೆ ಹೂವಿನ ಅಂಗಿ ಅಭ್ಯಾಸವಾಗುತ್ತಿದೆ ಎನ್ನುವಷ್ಟರಲ್ಲಿ ಅಕ್ಕ ಹಳದಿ ಹಾಕಿಸುತ್ತಿದ್ದಳು. ಅವಳ ಗಂಡ ಮನೆಯಲ್ಲೇ ಉಳಿದರು.

ಆದರೆ ತಟ್ಟೆಯ ಹತ್ತಿರಕ್ಕೆ ಯಾವ ಹಕ್ಕಿಯೂ ಬರಲಿಲ್ಲ. ನೀರಣ್ಣ ನೀರು ತುಂಬಿ, ಬೆರಳನ್ನು ಅಂಚಿನ ಮೇಲಿಟ್ಟು ಗಂಟೆಗಟ್ಟಲೆ ಕೂರುತ್ತಿದ್ದರು. ಆಮೇಲೆ ನೀರು ಚೆಲ್ಲಿ, ಮೂಸಿ ನೋಡಿ, ಮತ್ತೆ ತುಂಬುತ್ತಿದ್ದರು. ಒಂದು ಸಂಜೆ ನನ್ನನ್ನು ಕರೆದು ಪಿಸುಮಾತಿನಲ್ಲಿ, "ನನ್ನ ನೀರಲ್ಲಿ ಏನೋ ದೋಷ ಇದೆ. ಯಾರಿಗಾದ್ರೂ ಏನಾದ್ರೂ ಆಯ್ತಾ?" ಎಂದು ಕೇಳಿದರು. ಆ ಮುದುಕರ ಕಣ್ಣಲ್ಲಿದ್ದ ಹೆದರಿಕೆ ನೋಡಿ, "ಯಾರಿಗೂ ಏನೂ ಆಗಿಲ್ಲ ಅಣ್ಣಾ" ಎಂದೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅಕ್ಕ ಅದನ್ನು ಕೇಳಿಸಿಕೊಂಡಳು. ಮಾರನೆಯ ದಿನವೂ ಕೆಂಪು ಟೋಪಿಯನ್ನೇ ಹಾಕಿಸಿದಳು. ಆ ಗುಂಡಿ ಅವಳ ಕಣ್ಣ ಮುಂದಿನಿಂದ ಹೋಗಿರಲಿಲ್ಲ.

ಹೀಗೆ ಏಳೆಂಟು ತಿಂಗಳು ನಡೆಯಿತು. ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರು, ಆಪರೇಷನ್ ಎಂದರು. ನೀರಣ್ಣನ ತಂಗಿಯ ಮಗಳು ಬಂದು ಮನೆಯಲ್ಲಿ ಉಳಿದಳು. ಕಾಜಾ ಅಕ್ಕ ಆಸ್ಪತ್ರೆಯಿಂದ ಹಿಂತಿರುಗಲಿಲ್ಲ. ನೀರಣ್ಣ ಅವಳಾದ ಮೇಲೆ ಹದಿನಾಲ್ಕು ತಿಂಗಳು ಇದ್ದರು. ರಸ್ತೆಯಲ್ಲಲ್ಲ, ಗುಂಡಿಯಲ್ಲಲ್ಲ, ತಮ್ಮ ಹಾಸಿಗೆಯಲ್ಲೇ ಕಣ್ಣು ಮುಚ್ಚಿದರು. ಅವಳು ಹೇಳಿ ಹೋದದ್ದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಪ್ರತಿದಿನವೂ ಹೆದರುತ್ತಲೇ ಮಾಡಿದೆ.

ಅವಳು ಆಸ್ಪತ್ರೆಗೆ ಹೊರಟ ದಿನ ಆಟೋ ಬಾಗಿಲಿಗೆ ಬಂದು ನಿಂತಿತ್ತು. ಅವಳು ನೋವಿನಿಂದ ಬಗ್ಗಿ, ಗೋಡೆ ಹಿಡಿದು ಬಂದಳು. ಹತ್ತುವ ಮುಂಚೆ ನನ್ನ ಮುಂಗೈ ಹಿಡಿದಳು. ಅವಳ ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು.

"ಆ ಬಣ್ಣದ ಅಂಗಿಗಳನ್ನೆಲ್ಲ ಗಂಟು ಕಟ್ಟಿ ಮೇಲಿಡು. ಇನ್ನು ಹಾಕಬೇಡ. ಖಾಕಿ ಒಗೆದು ಮಡಿಸಿಟ್ಟಿದ್ದೀನಿ."

"ಬೇಡ ಅಕ್ಕ. ಹಕ್ಕಿಗಳು ಮತ್ತೆ ಸುಮ್ಮನಾಗಿಬಿಡ್ತವೆ. ಆಗ ನನಗೆ ಹೇಗೆ ಗೊತ್ತಾಗ್ಬೇಕು?"

"ಸುಮ್ಮನಾಗ್ಲಿ. ನೀನು ಗೇಟಿಗೆ ಬೆನ್ನು ಆನಿಸಿ, ಅವರ ಕಡೆ ಮುಖ ಮಾಡಿ ಕೂತ್ಕೋ. ಕಿವಿ ನಂಬಬೇಡ, ಕಣ್ಣಲ್ಲಿ ನೋಡ್ತಿರು. ನನಗೆ ಹೊಟ್ಟೆಪಾಡಿತ್ತು, ಕೂರೋಕೆ ಆಗಲಿಲ್ಲ. ನಿನಗೇನಿದೆ ಕೆಲಸ?"

"ನನಗೆ ಭಯ ಆಗುತ್ತೆ ಅಕ್ಕ. ಆವತ್ತಿನ ಥರ ಆದ್ರೆ?"

"ನನಗೂ ಆಗುತ್ತೆ," ಎಂದಳು. "ಭಯದಲ್ಲೇ ಕೂತ್ಕೋ. ಆ ಪಿಕಳಾರ ಅವರ ಬೆರಳ ಹತ್ತಿರ ಬಂದು ಇನ್ನೊಂದು ಸಲ ನೀರು ಕುಡೀಲಿ ಕಣೇ. ಅಲ್ಲಿಯವರೆಗೆ ಎದ್ದು ಹೋಗಬೇಡ."